ಕೈಗೆ ದುಡ್ಡು ಕೊಡದೆ ಹಿಂಸಿಸಿದರೆ: ಕಾನೂನಿನ ನೆರವು ಪಡೆಯಲು ಸಮಗ್ರ ಮಾರ್ಗದರ್ಶಿ

ಸಂಬಳ ಬಂದ ದಿನವೇ ಎಟಿಎಂ ಕಾರ್ಡ್ ಗಂಡನ ಜೇಬಿಗೆ ಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೆಸೇಜೂ ಅವನ ಫೋನಿಗೇ ಬರುತ್ತದೆ. ತವರಿನಲ್ಲಿ ಹಾಕಿದ ಒಡವೆ ಹೇಳದೆ ಕೇಳದೆ ಅಡ ಇಟ್ಟಾಗಿದೆ. ಮಗುವಿನ ಔಷಧಿಗೆ ಇನ್ನೂರು ರೂಪಾಯಿ ಬೇಕಾದರೂ ನಾಲ್ಕು ಸಲ ಕೇಳಬೇಕು, ಆಮೇಲೆ ಚೀಟಿ ತೋರಿಸಿ ಲೆಕ್ಕ ಒಪ್ಪಿಸಬೇಕು. ಇಷ್ಟೆಲ್ಲ ಆದರೂ "ಹೊಡೆದಿಲ್ಲ, ಬಡಿದಿಲ್ಲ, ಇದರಲ್ಲಿ ಹಿಂಸೆ ಏನು ಬಂತು?" ಎಂದು ಕೇಳುವವರೇ ಜಾಸ್ತಿ.

ಕಾನೂನು ಹಾಗೆ ಕೇಳುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದಿದ್ದು 2005ರಲ್ಲಿ, ಜಾರಿಯಾಗಿದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ ಹಿಂಸೆಯ ಸಾಲಿನಲ್ಲೇ ಆರ್ಥಿಕ ಹಿಂಸೆಯನ್ನೂ ಹೆಸರು ಹೇಳಿ ಸೇರಿಸಿದೆ. ಆದರೂ ಇದು ಲೆಕ್ಕಕ್ಕೆ ಬರುವುದು ಕಡಿಮೆ. 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಆ ಅಂಕಿಯಲ್ಲಿರುವುದು ದೈಹಿಕ ಮತ್ತು ಲೈಂಗಿಕ ಹಿಂಸೆ ಮಾತ್ರ. ದುಡ್ಡಿನ ಹಿಂಸೆ ಅದರೊಳಗೆ ಇಲ್ಲ.

ಈ ಹಿಂಸೆಗೆ ಮೈಮೇಲೆ ಗುರುತು ಉಳಿಯುವುದಿಲ್ಲ, ಆದರೆ ಕಾಗದದ ಮೇಲೆ ಉಳಿಯುತ್ತದೆ. ಪಾಸ್‌ಬುಕ್, ಗಿರವಿ ರಸೀದಿ, ಸಂಘದ ಸಾಲದ ಪುಸ್ತಕ, ವಾಟ್ಸ್ಆ್ಯಪ್ ಮೆಸೇಜ್, ಹೀಗೆ ಎಲ್ಲೋ ಒಂದು ಕಡೆ ಸಾಕ್ಷಿ ಇದ್ದೇ ಇರುತ್ತದೆ. ಆದ್ದರಿಂದ ಜಗಳಕ್ಕೆ ಮೊದಲು ಕಾಗದ ಕೂಡಿಸಿ. ಕೋರ್ಟಿಗೆ ಹೋದ ಮೇಲೆ ಏನು ಬೇಕು ಎಂಬುದನ್ನು ಒಂದೊಂದಾಗಿ, ಬಿಡಿಸಿ ಕೇಳಿ. ಈ ಬರಹದ ಹೆಚ್ಚಿನ ಭಾಗ ಈ ಎರಡು ಕೆಲಸಗಳ ಬಗ್ಗೆಯೇ ಇದೆ.

ಓದುವ ಮೊದಲು ಒಂದು ಮಾತು. ನಿಮ್ಮ ಫೋನನ್ನು ಮನೆಯವರು ನೋಡುತ್ತಾರೆ ಅನ್ನುವುದಾದರೆ ಇದನ್ನು ನಂಬಿಕಸ್ತರ ಫೋನಿನಲ್ಲಿ ಓದಿ. ದುಡ್ಡಿನ ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದ ಕ್ಷಣ ಕೈ ಎತ್ತುವವರೂ ಇದ್ದಾರೆ. ಹೊಡೆತದ ಭಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ, ಕಾಗದ ಪತ್ರ ಆಮೇಲೆ.

ಹಂತ 1: ಇದು ಹಿಂಸೆಯೇ ಎಂದು ಗುರುತಿಸಿಕೊಳ್ಳಿ

ದುಡ್ಡಿಲ್ಲದ ಮನೆಯಲ್ಲಿ ಎಲ್ಲರೂ ಸೇರಿ ಕಷ್ಟಪಡುವುದು ಬೇರೆ. ದುಡ್ಡಿದ್ದೂ ನಿಮಗೆ ಸಿಗದಂತೆ ಮಾಡುವುದು ಬೇರೆ. ಕಾಯ್ದೆ ಹಿಡಿಯುವುದು ಈ ಎರಡನೆಯದನ್ನು.

ಕಾಯ್ದೆ ಇದನ್ನು ಮೂರು ಬಗೆಯಾಗಿ ಹೇಳುತ್ತದೆ. ಒಂದು, ನಿಮಗೆ ಹಕ್ಕಾಗಿ ಬರಬೇಕಾದ ಅಥವಾ ನಿಮಗೂ ಮಕ್ಕಳಿಗೂ ಅಗತ್ಯವಾದ ಹಣ, ಸಾಮಾನು, ಸ್ತ್ರೀಧನ (ನಿಮಗೆಂದೇ ಕೊಟ್ಟ ಒಡವೆ, ವಸ್ತು), ಬಾಡಿಗೆ, ಜೀವನಾಂಶ ಸಿಗದಂತೆ ಮಾಡುವುದು. ಎರಡು, ನಿಮಗೆ ಪಾಲಿರುವ ಅಥವಾ ಬಳಸುವ ಹಕ್ಕಿರುವ ಆಸ್ತಿ, ಒಡವೆ, ಷೇರು, ಮನೆ ಸಾಮಾನನ್ನು ಮಾರುವುದು, ಪರಭಾರೆ ಮಾಡುವುದು. ಮೂರು, ಮನೆಯೂ ಸೇರಿದಂತೆ ನೀವು ಬಳಸಿಕೊಂಡು ಬಂದ ಸೌಕರ್ಯಗಳಿಗೆ ಅಡ್ಡಿ ಮಾಡುವುದು.

2006ರ ನಿಯಮಗಳ ನಮೂನೆ 1ರಲ್ಲಿ ಇದನ್ನು ಇನ್ನೂ ಬಿಡಿಸಿ ಪಟ್ಟಿ ಮಾಡಿದ್ದಾರೆ. ಊಟ, ಬಟ್ಟೆ, ಔಷಧಿಗೆ ಕೊಡದಿರುವುದು, ಕೆಲಸಕ್ಕೆ ಹೋಗಲು ಬಿಡದಿರುವುದು, ಕೆಲಸದ ಜಾಗದಲ್ಲಿ ಬಂದು ತೊಂದರೆ ಕೊಡುವುದು, ಸಂಬಳ ಕಿತ್ತುಕೊಳ್ಳುವುದು, ಬಾಡಿಗೆ ಕಟ್ಟದಿರುವುದು, ಹೇಳದೆ ಸ್ತ್ರೀಧನ ಮಾರುವುದು ಅಥವಾ ಅಡ ಇಡುವುದು, ಮನೆಯ ಯಾವುದೋ ಒಂದು ಭಾಗಕ್ಕೆ ಕಾಲಿಡದಂತೆ ತಡೆಯುವುದು ಎಲ್ಲವೂ ಅಲ್ಲಿವೆ. ಆ ನಮೂನೆ ಸಿಕ್ಕರೆ ಒಮ್ಮೆ ನಿಧಾನವಾಗಿ ಓದಿ. ನಿಮ್ಮ ಮನೆಯ ಕತೆಯನ್ನೇ ಯಾರೋ ಬರೆದಿಟ್ಟಂತೆ ಅನಿಸಬಹುದು.

ಯಾರು ಕೇಳಬಹುದು? ಹೆಂಡತಿಯರಷ್ಟೇ ಅಲ್ಲ. ಒಂದೇ ಮನೆಯಲ್ಲಿ ಬಾಳಿದ ತಾಯಿ, ಅಕ್ಕ ತಂಗಿ, ಗಂಡ ತೀರಿಕೊಂಡ ಸೊಸೆ ಕೂಡ ಕೇಳಬಹುದು. ಮದುವೆಯಾಗದೆ ಗಂಡ ಹೆಂಡತಿಯಂತೆ ಬಾಳುತ್ತಿರುವವರಿಗೂ ದಾರಿಯಿದೆ. ಆದರೆ ಆ ಸಂಬಂಧ ಮದುವೆಯ ಸ್ವರೂಪದ್ದೇ ಎಂದು ತೋರಿಸಬೇಕಾಗುತ್ತದೆ. ಎಷ್ಟು ಕಾಲ ಜೊತೆಗಿದ್ದರು, ಸಂಸಾರದ ಖರ್ಚು ಹೇಗೆ ನಡೆಯಿತು, ಜನರ ಎದುರು ಹೇಗೆ ಗುರುತಿಸಿಕೊಂಡರು ಎಂಬುದನ್ನೆಲ್ಲ ಕೋರ್ಟ್ ನೋಡುತ್ತದೆ. ಆತನಿಗೆ ಆಗಲೇ ಮದುವೆಯಾಗಿದೆ ಎಂದು ಗೊತ್ತಿದ್ದೇ ಜೊತೆಗಿದ್ದ ಮಹಿಳೆಗೆ 2013ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ನಿರಾಕರಿಸಿದೆ. ಅಂಥ ಪರಿಸ್ಥಿತಿ ಇದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ.

ಅತ್ತೆ, ನಾದಿನಿಯರ ಮೇಲೂ ಅರ್ಜಿ ಹಾಕಬಹುದು. "ವಯಸ್ಕ ಪುರುಷ" ಎಂದು ಕಾಯ್ದೆಯಲ್ಲಿದ್ದ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಹಾಗೆಂದು ಮನೆಮಂದಿಯ ಹೆಸರನ್ನೆಲ್ಲ ಸುಮ್ನೆ ಸೇರಿಸಬೇಡಿ. ದುಡ್ಡು, ಒಡವೆ, ಮನೆ ಯಾರ ಹಿಡಿತದಲ್ಲಿದೆಯೋ ಅವರ ಹೆಸರು ಸಾಕು. ಸಂಬಂಧವಿಲ್ಲದವರನ್ನು ಎಳೆದರೆ ನಿಜವಾದ ದೂರೇ ತೆಳ್ಳಗಾಗುತ್ತದೆ, ನೋಟಿಸ್ ತಲುಪಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಗಂಡಸರಿಗೆ ಈ ಕಾಯ್ದೆಯಡಿ ಅರ್ಜಿ ಹಾಕಲು ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಸೆಕ್ಷನ್‌ಗಳಡಿ ಗಂಡನೂ ಜೀವನಾಂಶ ಕೇಳಬಹುದು. ಮಕ್ಕಳು ನೋಡಿಕೊಳ್ಳದ ವಯಸ್ಸಾದ ತಂದೆ ತಾಯಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ.

ಹಂತ 2: ಕಾಗದ ಕೂಡಿಸಿ

ಮನೆಯಲ್ಲಿರುವಾಗ ಸುಲಭವಾಗಿ ಸಿಗುವ ಕಾಗದ, ಮನೆ ಬಿಟ್ಟ ಮೇಲೆ ಕೋರ್ಟ್ ಆದೇಶದಿಂದಲೂ ತಡವಾಗಿ ಸಿಗುತ್ತದೆ. ಫೋಟೋ ತೆಗೆದು ನಂಬಿಕಸ್ತರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿ. ಮೂಲ ಪ್ರತಿ ನಿಮ್ಮದೇ ಆಗಿದ್ದರೆ ತವರಿಗೋ ಗೆಳತಿಯ ಮನೆಗೋ ಸಾಗಿಸಿ.

*ಸಂಬಳ ಮತ್ತು ಖಾತೆ.* ಬ್ಯಾಂಕಿಗೆ ಹೋಗಿ ಕೆಲವು ವರ್ಷಗಳ ಸ್ಟೇಟ್‌ಮೆಂಟ್ ಕೇಳಿ. ಖಾತೆ ನಿಮ್ಮ ಹೆಸರಿನಲ್ಲಿದ್ದರೆ ಗಂಡನ ಒಪ್ಪಿಗೆ ಬೇಕಿಲ್ಲ. ಅದರಲ್ಲಿ ನೋಡಬೇಕಾದ್ದು ಒಂದು ವಿಷಯ: ಹಣ ಬಂದ ದಿನ ಯಾವುದು, ಹೋದ ದಿನ ಯಾವುದು, ಯಾವ ಎಟಿಎಂನಿಂದ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ಸಂಬಳ 7ನೇ ತಾರೀಕು ಬೆಳಿಗ್ಗೆ ಬೀಳುತ್ತದೆ. ಅವಳು ಹಾಜರಿ ಹಾಕಿ ಮೆಷಿನ್ ಮುಂದೆ ಕೂತಿರುವ ಹೊತ್ತಿನಲ್ಲೇ, ಮನೆಯ ಹತ್ತಿರದ ಎಟಿಎಂನಿಂದ ಪೂರ್ತಿ ಹಣ ಹೊರಬಂದಿರುತ್ತದೆ. ಸ್ಟೇಟ್‌ಮೆಂಟ್ ಮತ್ತು ಹಾಜರಿ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಹಣ ತೆಗೆದಿದ್ದು ಅವಳಲ್ಲ ಎಂದು ಹೇಳಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ.

*ಒಡವೆ.* ಮದುವೆಯಲ್ಲಿ, ಮದುವೆಗೆ ಮುಂಚೆ, ಆಮೇಲೆ ನಿಮಗೆಂದು ಕೊಟ್ಟಿದ್ದೆಲ್ಲ ಸ್ತ್ರೀಧನ. ಅದು ನಿಮ್ಮದು. ಗಂಡನಿಗೂ ಅದರಲ್ಲಿ ಪಾಲಿಲ್ಲ. ಕಷ್ಟಕಾಲದಲ್ಲಿ ಅವನು ಬಳಸಿದರೂ ವಾಪಸ್ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಕೇರಳದ ಆ ಪ್ರಕರಣದಲ್ಲಿ 89 ಪವನ್ ಚಿನ್ನದ ಬದಲಿಗೆ 25 ಲಕ್ಷ ರೂಪಾಯಿ ಕೊಡಲು ಆದೇಶವಾಯಿತು. ಅಂಗಡಿ ಬಿಲ್ ಇಲ್ಲವೆಂದು ಕೈಬಿಡಬೇಡಿ. ಮದುವೆ ಆಲ್ಬಂ ತೆಗೆದು, ಮೈಮೇಲೆ ಕಾಣುವ ಒಂದೊಂದು ಒಡವೆಗೂ ಹೆಸರು, ಅಂದಾಜು ತೂಕ, ಕೊಟ್ಟವರು ಯಾರು ಎಂದು ಬರೆಯಿರಿ: ಎರಡೆಳೆ ಸರ, ಅಪ್ಪ ಕೊಟ್ಟಿದ್ದು, ಜುಮುಕಿ, ಸೋದರಮಾವ ಕೊಟ್ಟಿದ್ದು, ನಾಲ್ಕು ಬಳೆ, ಸೀಮಂತಕ್ಕೆ ಅಮ್ಮ ಹಾಕಿದ್ದು. ಕೊಟ್ಟವರು ಸಾಕ್ಷಿ ಹೇಳಬಹುದು. ಅಡ ಇಟ್ಟಿದ್ದರೆ ಚಿನ್ನದ ಸಾಲದ ರಸೀದಿಯ ಫೋಟೋ ಇರಲಿ.

*ನಿಮ್ಮ ಹೆಸರಿನ ಸಾಲ.* ನಮ್ಮ ಕಡೆ ಇದು ಬಹಳ. ಸ್ವಸಹಾಯ ಸಂಘದಿಂದಲೋ ಮೈಕ್ರೋಫೈನಾನ್ಸ್‌ನಿಂದಲೋ ಸಾಲ ತೆಗೆಯುವುದು ಹೆಂಡತಿ, ಖರ್ಚು ಮಾಡುವುದು ಗಂಡ, ವಾರವಾರ ಕಂತಿಗೆ ಪರದಾಡುವುದು ಮತ್ತೆ ಹೆಂಡತಿ. ಸಾಲದ ಪುಸ್ತಕ ತೆಗೆದಿಡಿ. ಸಾಲದ ಹಣ ನಿಮ್ಮ ಖಾತೆಗೆ ಬಂದು ಅಲ್ಲಿಂದ ಎಲ್ಲಿಗೆ ಹೋಯಿತೆಂದು ಗುರುತು ಹಾಕಿ. ನಿಮ್ಮ ಹೆಸರಿನಲ್ಲಿ ಇನ್ಯಾವ ಸಾಲ ಇದೆ, ಯಾರಿಗೆ ಜಾಮೀನು ನಿಂತಿದ್ದೀರಿ ಎಂದು ತಿಳಿಯಲು ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವಸೂಲಿಗೆ ಬಂದು ಕಿರುಕುಳ ಕೊಟ್ಟರೆ ರಾಜ್ಯದ 2025ರ ಮೈಕ್ರೋ ಸಾಲ ಕಾನೂನಿನಡಿ ದೂರು ಕೊಡಬಹುದು. ಆದರೆ ನೋಂದಾಯಿತ ಸಂಸ್ಥೆಯ ಸಾಲ ಅದರಿಂದ ಮನ್ನಾ ಆಗುವುದಿಲ್ಲ.

*ಆಸ್ತಿ.* ಮನೆ, ಸೈಟು ಮಾರುವ ಸುಳಿವಿದ್ದರೆ ಕಾವೇರಿ ಆನ್‌ಲೈನ್‌ನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಜಮೀನಿದ್ದರೆ ಪಹಣಿ ತೆಗೆಸಿ.

*ನೋಟ್‌ಬುಕ್.* ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯುತ್ತಾ ಹೋಗಿ. "ತುಂಬಾ ಕಷ್ಟ ಕೊಟ್ಟರು" ಎಂದು ಬರೆದರೆ ಪ್ರಯೋಜನ ಕಡಿಮೆ. "ಮಗಳಿಗೆ ಜ್ವರ. ಔಷಧಿಗೆ ಹಣ ಕೇಳಿದೆ, ಕೊಡಲಿಲ್ಲ. ಪಕ್ಕದ ಮನೆಯ ಆಂಟಿಯಿಂದ 300 ಸಾಲ ಪಡೆದೆ. ಮೆಡಿಕಲ್ ಬಿಲ್ ಇಟ್ಟಿದ್ದೇನೆ" ಎಂದು ತಾರೀಕಿನ ಜೊತೆ ಬರೆದರೆ ಅದರಲ್ಲಿ ತಾರೀಕು, ಮೊತ್ತ, ಸಾಕ್ಷಿ, ಬಿಲ್ಲು ನಾಲ್ಕೂ ಸಿಕ್ಕವು.

ಮೆಸೇಜ್, ಆಡಿಯೊ ಇದ್ದರೆ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಡಿಜಿಟಲ್ ಸಾಕ್ಷಿಯ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ವಕೀಲರು ಮಾಡಿಸುತ್ತಾರೆ.

ಹಂತ 3: ಮುಂದೆ ಬರುವ ದುಡ್ಡನ್ನು ಕಾಪಾಡಿಕೊಳ್ಳಿ

ಇಲ್ಲಿ ಕ್ರಮ ಮುಖ್ಯ. ಮೊದಲು ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲೇ ಇರುವ ಸಿಮ್. ಆಮೇಲೆ ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಾವಣೆ. ಆಮೇಲೆ ಮನೆಯವರ ಖಾತೆ ಇಲ್ಲದ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ. ಒಟಿಪಿ ಅವನ ಫೋನಿಗೇ ಹೋಗುತ್ತಿದ್ದರೆ ಹೊಸ ಖಾತೆ ತೆರೆದೂ ಉಪಯೋಗವಿಲ್ಲ, ಅಲ್ವಾ?

ಗೃಹಲಕ್ಷ್ಮಿ, ಪಿಂಚಣಿಯಂಥ ಸರ್ಕಾರಿ ಹಣ ಆಧಾರ್ ಜೋಡಣೆಯಾದ ಖಾತೆಗೇ ಹೋಗುತ್ತದೆ. ಹೊಸ ಖಾತೆ ತೆರೆದರೆ ಅದು ತಾನಾಗಿ ಅಲ್ಲಿಗೆ ಬರುವುದಿಲ್ಲ. ಹೊಸ ಬ್ಯಾಂಕಿನಲ್ಲಿ ಒಪ್ಪಿಗೆ ಅರ್ಜಿ ಕೊಟ್ಟು "ಡಿಬಿಟಿಗೆ ಆಧಾರ್ ಸೀಡಿಂಗ್ ಈ ಖಾತೆಗೆ ಮಾಡಿಕೊಡಿ" ಎಂದು ಕೇಳಬೇಕು. ಡಿಬಿಟಿ ಅಂದರೆ ಸರ್ಕಾರಿ ಹಣದ ನೇರ ವರ್ಗಾವಣೆ. ಸಂಬಳದ ಖಾತೆ ಬದಲಿಸಲು ಕೆಲಸದ ಜಾಗದ ಎಚ್‌ಆರ್‌ಗೆ ಪತ್ರ ಕೊಡಿ. ಹಳೆಯ ಖಾತೆಯ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ. ಸಹಿ ಮಾಡಿದ ಖಾಲಿ ಚೆಕ್ ಅವನ ಬಳಿ ಇದ್ದರೆ ಚೆಕ್ ನಂಬರ್ ಬರೆದು ಸ್ಟಾಪ್ ಪೇಮೆಂಟ್ ಹಾಕಿಸಿ. ಹೊಸದಾಗಿ ಯಾವ ಸಾಲಕ್ಕೂ ಜಾಮೀನಿಗೂ ಸಹಿ ಹಾಕಬೇಡಿ.

ಜಂಟಿ ಖಾತೆಯ ಹಣವನ್ನೆಲ್ಲ ಒಮ್ಮೆಲೇ ಎತ್ತಿಕೊಳ್ಳುವ ಯೋಚನೆ ಬರಬಹುದು. ನಾನು ಅದನ್ನು ಒಪ್ಪುವುದಿಲ್ಲ. ನಾಳೆ ಕೋರ್ಟಿನಲ್ಲಿ ಅದೇ ನಿಮ್ಮ ಮೇಲಿನ ಮೊದಲ ಆರೋಪವಾಗುತ್ತದೆ. ಮಕ್ಕಳ ಫೀಸು, ಬಾಡಿಗೆಗೆ ಬೇಕಾದಷ್ಟು ತೆಗೆದು, ಅದಕ್ಕೆ ಲೆಕ್ಕ ಇಡಿ.

ಹಂತ 4: ಯಾರ ಬಳಿ ಹೋಗಬೇಕು

ಮಹಿಳಾ ಸಹಾಯವಾಣಿ 181. ಕರೆ ಮಾಡಿದರೆ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಹತ್ತಿರದ ಸಖಿ ಕೇಂದ್ರದ ದಾರಿ ಹೇಳುತ್ತಾರೆ. ಈ ಕಾಯ್ದೆಯಡಿ ನೆರವಾಗಲು ಸರ್ಕಾರ ನೇಮಿಸುವವರು ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲೂಕುಗಳಲ್ಲಿ ಆ ಹೊಣೆ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಅಂದರೆ ಎಲ್ಲರೂ ಕರೆಯುವ ಸಿಡಿಪಿಒ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಅಲ್ಲಿ ನಿಮ್ಮ ಮಾತು ಕೇಳಿ ಘಟನಾ ವರದಿ, ಅಂದರೆ ಡಿಐಆರ್ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅರ್ಜಿಯ ನಮೂನೆಯನ್ನು ಉಚಿತವಾಗಿ ಕೊಡುವುದೂ ಅವರ ಕರ್ತವ್ಯ. ಡಿಐಆರ್ ಬರೆಯುವಾಗ ಆರ್ಥಿಕ ಹಿಂಸೆಯ ಭಾಗ ಖಾಲಿ ಉಳಿಯದಂತೆ ನೋಡಿಕೊಳ್ಳಿ. ಹೊಡೆತದ ವಿಷಯ ಬರೆದು ಮುಗಿಸುವ ರೂಢಿ ಜಾಸ್ತಿ.

ಅಲ್ಲಿ ತಡವಾದರೆ ಕಾಯಬೇಕಿಲ್ಲ. ನೇರವಾಗಿ ಕೋರ್ಟಿಗೆ ಹೋಗಬಹುದು. ಡಿಐಆರ್ ಇಲ್ಲದಿದ್ದರೂ ಆದೇಶ ಕೊಡಬಹುದು ಎಂದು 2022ರ ಪ್ರಭಾ ತ್ಯಾಗಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗ ಆ ಮನೆಯಲ್ಲಿ ವಾಸವಿಲ್ಲ ಎಂಬುದೂ ಅಡ್ಡಿಯಲ್ಲ ಎಂದು ಅದೇ ತೀರ್ಪು ಹೇಳುತ್ತದೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪೊಲೀಸ್ ಠಾಣೆಗೆ ಹೋಗುವುದು ಬೇರೆ ದಾರಿ. ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ನಂಬಿ ಕೊಟ್ಟ ಸ್ತ್ರೀಧನ ನುಂಗಿದರೆ 316ನೇ ಸೆಕ್ಷನ್ ಇದೆ. ಅವು ಶಿಕ್ಷೆಯ ದಾರಿ. ಮನೆ ಖರ್ಚಿಗೆ ದುಡ್ಡು, ಇರಲು ಸೂರು ಬೇಕಾದರೆ ಕೌಟುಂಬಿಕ ಹಿಂಸೆ ಕಾಯ್ದೆಯೇ ಹತ್ತಿರದ ದಾರಿ.

ಠಾಣೆಯಲ್ಲಾಗಲಿ, ಊರ ಹಿರಿಯರ ಮುಂದಾಗಲಿ ರಾಜಿ ಮಾತು ಬರುತ್ತದೆ. ಕೂತು ಮಾತಾಡುವುದರಲ್ಲಿ ತಪ್ಪಿಲ್ಲ. ಆದರೆ "ಒಡವೆ, ಸಾಮಾನು ಎಲ್ಲ ಸಂದಾಯವಾಗಿದೆ, ಇನ್ನೇನೂ ಬಾಕಿ ಇಲ್ಲ" ಎಂಬ ಸಾಲಿರುವ ಕಾಗದಕ್ಕೆ, ಅವು ಕೈಗೆ ಬಾರದೆ ಸಹಿ ಹಾಕಬೇಡಿ. ಆ ಒಂದು ಸಾಲು ಮುಂದೆ ವರ್ಷಗಟ್ಟಲೆ ಕಾಡುತ್ತದೆ.

ಹಂತ 5: ಅರ್ಜಿ ಬರೆಯುವುದು

ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಸೆಕ್ಷನ್ ಅಡಿ, ನಮೂನೆ 2ರಲ್ಲಿ, ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕಬೇಕು. ಎಲ್ಲಿ ಎಂದರೆ ನೀವು ಈಗ ಇರುವ ಊರಿನಲ್ಲೇ. ತಾತ್ಕಾಲಿಕವಾಗಿ ತವರಿನಲ್ಲಿದ್ದರೂ ಆಗುತ್ತದೆ. ಗಂಡ ದುಬೈನಲ್ಲೋ ಅಮೆರಿಕದಲ್ಲೋ ಇದ್ದು ನೀವು ಹಾಸನಕ್ಕೆ ಮರಳಿದ್ದರೆ ಹಾಸನದಲ್ಲೇ ಅರ್ಜಿ ಹಾಕಬಹುದು.

ಘಟನೆಗಳನ್ನು ಬರೆಯುವ ರೀತಿ ಹೀಗಿರಲಿ: "2024ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ನನ್ನ ಖಾತೆಗೆ ಬಂದ ತಿಂಗಳ ಸಂಬಳವನ್ನು ಎದುರುದಾರರು ಅದೇ ದಿನ ಎಟಿಎಂನಿಂದ ತೆಗೆದುಕೊಂಡಿದ್ದಾರೆ. ಆ ಹೊತ್ತಿನಲ್ಲಿ ನಾನು ಕೆಲಸದಲ್ಲಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಹಾಜರಿ ಪ್ರತಿ ಲಗತ್ತಿಸಿದೆ."

ಇನ್ನು ಕೋರಿಕೆಗಳು. ಎಷ್ಟೋ ಅರ್ಜಿಗಳು ಸೊರಗುವುದು ಇಲ್ಲೇ. ಪುಟಗಟ್ಟಲೆ ನೋವು ಬರೆದು, ಕೊನೆಗೆ "ಸೂಕ್ತ ಪರಿಹಾರ ಕೊಡಿಸಬೇಕು" ಎಂದು ಒಂದೇ ಸಾಲು ಇರುತ್ತದೆ. ವಕೀಲರು ಬರೆದ ಕರಡನ್ನು ಓದಿಸಿಕೊಂಡು, ನಿಮಗೆ ಬೇಕಾದ್ದೆಲ್ಲ ಬಿಡಿಬಿಡಿಯಾಗಿ ಬಂದಿದೆಯೇ ನೋಡಿ.

18ನೇ ಸೆಕ್ಷನ್ ಅಡಿ: ಇಂಥ ಬ್ಯಾಂಕಿನ ಇಂಥ ಖಾತೆ, ಇಂಥ ಲಾಕರ್ ಅನ್ನು ಕೋರ್ಟಿನ ಅನುಮತಿ ಇಲ್ಲದೆ ಅವನು ಮುಟ್ಟಬಾರದು. ಇದು ಜಂಟಿ ಖಾತೆಗೂ ಅನ್ವಯಿಸುತ್ತದೆ, ಅವನೊಬ್ಬನ ಹೆಸರಿನ ಖಾತೆಗೂ ಅನ್ವಯಿಸುತ್ತದೆ. ಈ ಸರ್ವೆ ನಂಬರಿನ ಆಸ್ತಿ ಮಾರಬಾರದು. ನನ್ನ ಕೆಲಸದ ಜಾಗಕ್ಕೆ ಬರಬಾರದು.

19ನೇ ಸೆಕ್ಷನ್ ಅಡಿ: ಮನೆಯಿಂದ ಹೊರಹಾಕಬಾರದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿ ಬಾಡಿಗೆ ಕಟ್ಟಬೇಕು. ಪಟ್ಟಿಯಲ್ಲಿರುವ ಸ್ತ್ರೀಧನ ಹಿಂದಿರುಗಿಸಬೇಕು. "ಮನೆ ಮಾವನ ಹೆಸರಿನಲ್ಲಿದೆ, ನಿನಗೆ ಹಕ್ಕಿಲ್ಲ" ಎಂಬ ಮಾತಿಗೆ ಹೆದರಬೇಡಿ. ಸಂಸಾರ ಮಾಡಿದ ಮನೆ ಗಂಡನ ಸ್ವಂತದ್ದೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿದೆ. ಇದು ವಾಸದ ಹಕ್ಕು ಅಷ್ಟೇ, ಮಾಲೀಕತ್ವವಲ್ಲ.

20ನೇ ಸೆಕ್ಷನ್ ಅಡಿ: ನನಗೂ ಮಕ್ಕಳಿಗೂ ತಿಂಗಳಿಗೆ ಇಷ್ಟು ಜೀವನಾಂಶ, ಕೆಲಸ ಬಿಡಿಸಿದ್ದರಿಂದ ಆದ ನಷ್ಟ, ಆಸ್ಪತ್ರೆ ಖರ್ಚು, ನನ್ನ ಹೆಸರಿನಲ್ಲಿ ಅವನು ಬಳಸಿದ ಸಾಲದ ಹಣ. ಮೊತ್ತವನ್ನು ಗಾಳಿಯಲ್ಲಿ ಹೇಳಬೇಡಿ. ಬಾಡಿಗೆ, ದಿನಸಿ, ಗ್ಯಾಸ್, ಕರೆಂಟ್, ಶಾಲೆ ಫೀಸು, ಆಟೊ, ಔಷಧಿ ಎಂದು ಪಟ್ಟಿ ಮಾಡಿ ಕೂಡಿಸಿ. ಮೊದಲು ನೀವಿಬ್ಬರೂ ಬಾಳಿದ ಮಟ್ಟಕ್ಕೆ ತಕ್ಕಂತೆ ಹಣ ಕೊಡಿಸಬೇಕು ಎನ್ನುತ್ತದೆ ಕಾಯ್ದೆ. ಗಂಜಿಗೆ ಆಗುವಷ್ಟು ಸಾಕು ಎಂದು ನೀವೇ ಕಡಿಮೆ ಕೇಳಬೇಡಿ.

22ನೇ ಸೆಕ್ಷನ್ ಅಡಿ ಮಾನಸಿಕ ನೋವಿಗೆ ಪ್ರತ್ಯೇಕ ಪರಿಹಾರ ಕೇಳಬಹುದು.

ಹಂತ 6: ಮಧ್ಯಂತರ ಆದೇಶ, ಆದಾಯದ ಅಫಿಡವಿಟ್

ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಪ್ರಕರಣ 60 ದಿನದೊಳಗೆ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ನಿಜದಲ್ಲಿ ಅದಕ್ಕಿಂತ ಬಹಳ ಎಳೆಯುತ್ತದೆ. ಹಾಗಾಗಿ 23ನೇ ಸೆಕ್ಷನ್ ಅಡಿ ಮಧ್ಯಂತರ ಅರ್ಜಿಯನ್ನು ಮೊದಲ ದಿನವೇ, ನಮೂನೆ 3ರ ಅಫಿಡವಿಟ್ ಜೊತೆ ಹಾಕಿಸಿ. ಆಸ್ತಿ ಮಾರುವ, ಲಾಕರ್ ಖಾಲಿ ಮಾಡುವ ಅಪಾಯವಿದ್ದರೆ ಎದುರಿನವರಿಗೆ ನೋಟಿಸ್ ಹೋಗುವ ಮೊದಲೇ ಏಕಪಕ್ಷೀಯ ಆದೇಶ ಕೇಳಬಹುದು.

"ನನಗೆ ಕೆಲಸವೇ ಇಲ್ಲ" ಎಂದು ಗಂಡ ಹೇಳಿದರೆ? ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಖಾತೆ, ಸಾಲ, ಖರ್ಚನ್ನು ಅಫಿಡವಿಟ್‌ನಲ್ಲಿ ತೋರಿಸಬೇಕು. ಸುಳ್ಳು ಹೇಳಿದರೆ ಕ್ರಮ ಎದುರಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು. ಹಂತ 2ರಲ್ಲಿ ಕೂಡಿಸಿದ ಕಾಗದ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಆದಾಯ ಇಲ್ಲವೆನ್ನುವವನ ಕಾರಿನ ಕಂತು ತಪ್ಪದೆ ಕಟ್ಟಿದ್ದರೆ ಅದನ್ನು ತೋರಿಸಿ.

ನಿಮ್ಮ ಅಫಿಡವಿಟ್‌ನಲ್ಲೂ ಏನನ್ನೂ ಮುಚ್ಚಿಡಬೇಡಿ. ನೀವು ದುಡಿಯುತ್ತಿದ್ದರೂ ಜೀವನಾಂಶ ಪೂರ್ತಿ ತಪ್ಪುವುದಿಲ್ಲ. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ, ಅಂದರೆ ಹಳೆಯ 125ರಡಿ ಕೂಡ ಜೀವನಾಂಶ ಕೇಳಬಹುದು. ಎರಡು ಕಡೆ ಕೇಳಿದ್ದರೆ ಅದನ್ನು ಎರಡೂ ಕೋರ್ಟಿಗೆ ತಿಳಿಸಬೇಕು. ಒಂದರಲ್ಲಿ ಸಿಕ್ಕ ಮೊತ್ತವನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ.

ಹಂತ 7: ಆದೇಶ ಬಂದ ಮೇಲೆ

ಆದೇಶದ ಪ್ರತಿ ನಿಮಗೆ ಉಚಿತ. ಅದನ್ನು ಅದೇ ದಿನ ಬ್ಯಾಂಕಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ, ಠಾಣೆಗೆ ತಲುಪಿಸಿ ಸ್ವೀಕೃತಿ ಪಡೆಯಿರಿ. ಆದೇಶ ನಿಮ್ಮ ಕೈಲಿದ್ದು ಬ್ಯಾಂಕಿಗೆ ಗೊತ್ತಿಲ್ಲದಿದ್ದರೆ ಲಾಕರ್ ಖಾಲಿಯಾಗುವುದನ್ನು ಯಾರೂ ತಡೆಯುವುದಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬೇಕು.

ಸಂರಕ್ಷಣಾ ಆದೇಶ ಮುರಿದರೆ 31ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜೀವನಾಂಶ ಕಟ್ಟದವನು ಸಂಬಳದ ನೌಕರನಾಗಿದ್ದರೆ, ಅವನ ಸಂಬಳದಿಂದಲೇ ಹಿಡಿದು ನಿಮಗೆ ಅಥವಾ ಕೋರ್ಟಿಗೆ ಕಟ್ಟುವಂತೆ ಕಂಪನಿಗೆ ಆದೇಶ ಕೊಡಿ ಎಂದು 20ನೇ ಸೆಕ್ಷನ್ನಿನ 6ನೇ ಉಪಸೆಕ್ಷನ್ ಅಡಿ ಕೇಳಿ. ಇದು ತುಂಬಾ ಉಪಯೋಗದ ಅಂಶ, ಆದರೆ ಕೇಳುವವರು ಕಡಿಮೆ.

ಉಳಿದವರ ವಿಷಯದಲ್ಲಿ ವಸೂಲಿ ಅರ್ಜಿ ಹಾಕಬೇಕು. ಜೀವನಾಂಶ ವಸೂಲಿಯ ಕ್ರಮವೇ ಇಲ್ಲೂ ನಡೆಯುತ್ತದೆ. ವಾರಂಟ್ ಹೊರಡಿಸಬಹುದು, ಆಮೇಲೂ ಕಟ್ಟದಿದ್ದರೆ ಬಾಕಿ ಉಳಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಇಲ್ಲೊಂದು ಗಡುವಿದೆ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. "ನಾಳೆ ಕೊಡುತ್ತಾನೆ, ಹಬ್ಬ ಕಳೆದ ಮೇಲೆ ಕೊಡುತ್ತಾನೆ" ಎಂದು ಕಾಯುತ್ತಾ ಕೂತರೆ ಹಳೆಯ ತಿಂಗಳುಗಳ ಬಾಕಿಗೆ ವಾರಂಟ್ ಕೇಳುವ ಅವಕಾಶ ಕೈತಪ್ಪುತ್ತದೆ. ಎರಡು ತಿಂಗಳು ಹಣ ಬರಲಿಲ್ಲ ಅಂದರೆ ಮೂರನೆಯ ತಿಂಗಳಿಗೆ ವಕೀಲರನ್ನು ಕಾಣಿ.